ಪ್ರತಿಕ್ರಿಯೆ: ಜಡ್ಜ್ ಆದವರ ಹೆಸರಲ್ಲಿ ತೋಟ ಇರಬಹುದೇ?

ತಂಗಿ ಸಿವಿಲ್ ಜಡ್ಜ್ ಆಗಿ ಆಯ್ಕೆಯಾಗಿದ್ದಾಳೆ, ಸಾಗರದ ಕಡೆಯ ಅಡಿಕೆ ತೋಟದಲ್ಲಿ ಅವಳ ಪಾಲು ಬಿಟ್ಟುಕೊಡಬೇಕೇ ಎಂದು ಕೇಳಿದ್ದೀರಿ. ಬೇಕಾಗಿಲ್ಲ. ಪಿತ್ರಾರ್ಜಿತ ಜಮೀನಿಗೆ ಅಡ್ಡಿಯಿಲ್ಲ. ಪ್ರತಿವರ್ಷದ ಆಸ್ತಿ ವಿವರದಲ್ಲಿ ಸರ್ವೆ ನಂಬರ್ ಸಮೇತ ತೋರಿಸಲಿ. ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಸಂಬಳದ ತೆರಿಗೆ ದರ ಲೆಕ್ಕ ಹಾಕುವಾಗ ಅದೂ ಸೇರುತ್ತದೆ, ಮುಚ್ಚಿಡಬೇಡಿ.

ನಿಜವಾದ ಕಷ್ಟ ಪುರುಸೊತ್ತಿನದು. ತಾಲ್ಲೂಕುಗಳಲ್ಲಿ ಸಿವಿಲ್ ಜಡ್ಜೇ ಸಾಮಾನ್ಯವಾಗಿ ಜೆಎಂಎಫ್‌ಸಿ (ಕ್ರಿಮಿನಲ್ ಪ್ರಕರಣ ನೋಡುವ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೂಡ. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ನಿಯಮಕ್ಕೆ ಭಾನುವಾರವೂ ಇಲ್ಲ, ಯುಗಾದಿಯೂ ಇಲ್ಲ. ಪೊಲೀಸರು ರಾತ್ರಿ ಮನೆ ಬಾಗಿಲಿಗೇ ಬರುತ್ತಾರೆ. ಅನುಮತಿ ಇಲ್ಲದೆ ಊರು ಬಿಟ್ಟು ಬರುವಂತಿಲ್ಲ. ಬೇಸಿಗೆ ರಜೆ ಸಿಕ್ಕರೆ ಮಳೆಗೆ ಮುಂಚಿನ ಬೋರ್ಡೋ (ಕೊಳೆರೋಗದ ಔಷಧಿ) ಸಿಂಪಡಣೆಗೆ ಬಂದಾಳು. ಆಷಾಢದ ಎರಡನೇ ಔಷಧಿಗೆ, ಅಡಿಕೆ ಗೊನೆ ಕೊಯ್ಲಿಗೆ ಅವಳನ್ನು ನಂಬಿ ಕೂರಬೇಡಿ. ಉಸ್ತುವಾರಿ ನಿಮ್ಮದೇ.

ಇನ್ನು ನೀವು ಕೇಳದ ವಿಷಯ. ಪಕ್ಕದ ತೋಟದವರ ಜೊತೆ ಬೇಲಿ ತಕರಾರು ಇದೆ ಅಂದಿರಲ್ಲ, ಅದನ್ನು ಆದಷ್ಟು ಬೇಗ ಸರ್ವೆ ಮಾಡಿಸಿ ಮುಗಿಸಿಕೊಳ್ಳಿ. ಸರ್ವೆ ಕಚೇರಿಯಲ್ಲಿ 'ನನ್ನ ತಂಗಿ ಜಡ್ಜು' ಎಂಬ ಮಾತು ಅಪ್ಪಿತಪ್ಪಿಯೂ ಬೇಡ. (ನಿಮ್ಮ ದೊಡ್ಡಪ್ಪನವರಿಗೂ ಹೇಳಿಡಿ, ಹಿರಿಯರು ಹೆಮ್ಮೆಗೆ ಅಂದುಬಿಡುತ್ತಾರೆ.) ಒಂದು ಮೂಗರ್ಜಿ ಹೋದರೂ ಉತ್ತರ ಕೊಡಬೇಕಾದವಳು ಅವಳು. ಸ್ವಂತ ಮನೆಯ ವ್ಯಾಜ್ಯವನ್ನು ಅವಳು ವಿಚಾರಣೆ ಮಾಡುವಂತಿಲ್ಲ. ಅಂಥ ದಾವೆಯನ್ನು ಬೇರೆ ಕೋರ್ಟಿಗೆ ವರ್ಗಾಯಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವಿದೆ.