ಕಾಲ್ ಮಾಡುವ ಮುನ್ನ ಬೆಲೆ ಕೇಳಿ

ಈ ಬಾರಿಯ ಪ್ರಶ್ನೆಗಳೆಲ್ಲ ಪೋಕರ್‌ನ ಟೆಕ್ಸಸ್ ಹೋಲ್ಡೆಮ್ ಕುರಿತವು. ಪ್ರತಿಯೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ; ಅವುಗಳಲ್ಲಿ ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಬರೆದವರೆಲ್ಲ ನಿಯಮ ಬಲ್ಲವರು, ಕೆಲವು ತಿಂಗಳು ಆಡಿದವರು, ಆದರೂ ಆಟ ಒಂದು ಹಂತದಲ್ಲೇ ನಿಂತುಬಿಟ್ಟಿದೆ ಎನ್ನುವವರು. ಅವರ ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಕಂಡ ದೋಷ ಒಂದೇ. ಎಲೆ ಬಿಟ್ಟು ಫೋಲ್ಡ್ ಮಾಡಬೇಕಾದಲ್ಲೂ ಕಾಲ್ (ಎದುರಾಳಿ ಕಟ್ಟಿದಷ್ಟೇ ಕೊಟ್ಟು ಉಳಿಯುವುದು), ಮೊತ್ತ ಏರಿಸಿ ರೇಸ್ ಮಾಡಬೇಕಾದಲ್ಲೂ ಕಾಲ್.

ಪ್ರಶ್ನೆ: ಸ್ಯಾನ್ ಹೋಸೆಯ ಕಾರ್ಡ್ ರೂಮ್ ಒಂದರಲ್ಲಿ ವಾರಾಂತ್ಯಕ್ಕೆ 1-2 ಡಾಲರ್ ಬ್ಲೈಂಡ್‌ನ (ಎಲೆ ನೋಡುವ ಮುನ್ನ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತ) ಮೇಜಿನಲ್ಲಿ ಆಡುತ್ತೇನೆ. ಮೊನ್ನೆ ನನ್ನ ಕೈಯಲ್ಲಿ ಆಟೀನ್ ಗುಲಾಮ, ಆಟೀನ್ ಹತ್ತು ಇದ್ದವು. ಫ್ಲಾಪ್‌ನಲ್ಲಿ ಬಿದ್ದದ್ದು ಆಟೀನ್ ರಾಜ, ಆಟೀನ್ ನಾಲ್ಕು, ಕಳಾವರ್ ಏಳು. ಎಲ್ಲರೂ ಕಟ್ಟಿದ ಹಣ ಸೇರುವ ಪಾಟ್‌ನಲ್ಲಿ 40 ಡಾಲರ್ ಇತ್ತು. ಎದುರಾಳಿ 20 ಕಟ್ಟಿದ, ನಾನು ಕಾಲ್ ಮಾಡಿದೆ. ಟರ್ನ್‌ನಲ್ಲಿ ಇಸ್ಪೀಟ್ ಎರಡು. ಅವನು 80 ಕಟ್ಟಿದ. ಅವನ ಬಳಿ ಉಳಿದದ್ದು 60. ಫ್ಲಶ್ (ಒಂದೇ ಬಣ್ಣದ, ಇಲ್ಲಿ ಆಟೀನ್‌ನ, ಐದು ಎಲೆ) ಆಗಲು ಒಂಬತ್ತು ಎಲೆಗಳಿವೆ, ಒಂಬತ್ತು ನಾಲ್ಕಲಿ ಮೂವತ್ತಾರು, ಶೇ 36ರಷ್ಟು ಅವಕಾಶವಿದೆ ಎಂದು ಮತ್ತೆ ಕಾಲ್ ಮಾಡಿದೆ. ಫ್ಲಶ್ ಬರಲಿಲ್ಲ. ಲೆಕ್ಕ ಹಾಕಿ ಆಡಿದರೂ ಸೋಲುವುದೇಕೆ? — ಕ್ಯಾಲಿಫೋರ್ನಿಯಾದ ಓದುಗರು

ಉತ್ತರ: ಒಂಬತ್ತು ಎಲೆಗಳ ಎಣಿಕೆ ಸರಿಯಾಗಿದೆ. ಫ್ಲಾಪ್‌ನಲ್ಲಿ ಮಾಡಿದ ಕಾಲ್ ಕೂಡ ಸರಿ. ಟರ್ನ್‌ನಲ್ಲಿ ಮಾಡಿದ್ದು ತಪ್ಪು, ಆ ತಪ್ಪು ಹುಟ್ಟಿದ್ದು ನಾಲ್ಕರ ಗುಣಾಕಾರದಿಂದ.

ನಮ್ಮ ಕೈಯನ್ನು ಗೆಲ್ಲುವ ಕೈಯಾಗಿಸುವ ಎಲೆಗಳನ್ನು ಔಟ್ಸ್ ಎನ್ನುತ್ತೇವೆ. ಔಟ್ಸ್ ಸಂಖ್ಯೆಯನ್ನು ನಾಲ್ಕರಿಂದ ಗುಣಿಸುವುದು ಮುಂದಿನ ಎರಡೂ ಎಲೆಗಳನ್ನು ಹೆಚ್ಚಿನ ಹಣ ತೆರದೆ ನೋಡುವ ಖಾತ್ರಿ ಇದ್ದಾಗ ಮಾತ್ರ, ಅಂದರೆ ಫ್ಲಾಪ್‌ನಲ್ಲೇ ಒಬ್ಬರ ಹಣವೆಲ್ಲ ಒಳಗೆ ಹೋಗಿಬಿಟ್ಟಾಗ. ಆಗ ನಿಮ್ಮ ಅವಕಾಶ ನಿಜಕ್ಕೂ ಶೇ 35. ಒಂದೇ ಎಲೆ ಬಾಕಿ ಇದ್ದರೆ ಗುಣಿಸಬೇಕಾದದ್ದು ಎರಡರಿಂದ. ಟರ್ನ್ ಬಿದ್ದ ಮೇಲೆ ನೀವು ಕಾಣದ ಎಲೆಗಳು 46, ಅವುಗಳಲ್ಲಿ ಆಟೀನ್ ಒಂಬತ್ತು, ಅಂದರೆ ಶೇ 20ಕ್ಕೂ ತುಸು ಕಡಿಮೆ. ಹಳೆಯ ಶೇ 36 ಅನ್ನು ಟರ್ನ್‌ಗೂ ಹೊತ್ತುಕೊಂಡು ಹೋದಿರಿ.

ಇನ್ನು ಬೆಲೆ. ಟರ್ನ್‌ಗೆ ಮುಂಚೆ ಪಾಟ್‌ನಲ್ಲಿ 80 ಇತ್ತು, ಅವನು 80 ಸೇರಿಸಿದ, ನೀವು 80 ಕೊಟ್ಟಿರಿ, ಒಟ್ಟು 240. ಅದರಲ್ಲಿ ನಿಮ್ಮ ಪಾಲು ಮೂರನೇ ಒಂದು. ಹಾಗಾಗಿ ಮೂರರಲ್ಲಿ ಒಮ್ಮೆಯಾದರೂ ಗೆಲ್ಲಬೇಕಿತ್ತು. ನೀವು ಗೆಲ್ಲುವುದು ಐದರಲ್ಲಿ ಒಮ್ಮೆ.

ಇದನ್ನು ಡಾಲರ್‌ಗಳಲ್ಲೇ ನೋಡೋಣ. ಇದೇ ಸನ್ನಿವೇಶ 46 ಸಲ ಬಂತೆಂದುಕೊಳ್ಳಿ, ಪ್ರತಿ ಸಲವೂ ರಿವರ್‌ನಲ್ಲಿ ಬೇರೆ ಬೇರೆ ಎಲೆ. ಒಂಬತ್ತು ಸಲ ಫ್ಲಶ್ ಆಗುತ್ತದೆ. ಆಗೆಲ್ಲ ಅವನು ಉಳಿದ 60 ಅನ್ನೂ ನಿಮಗೆ ಕೊಟ್ಟುಬಿಡುತ್ತಾನೆ ಎಂದೇ ಇಟ್ಟುಕೊಂಡರೂ ಸಿಗುವುದು ಸಲಕ್ಕೆ 220, ಒಟ್ಟು 1,980 ಡಾಲರ್. ಉಳಿದ 37 ಸಲ 80ರಂತೆ ಕಳೆದುಕೊಳ್ಳುವುದು 2,960. ಬಾಕಿ 980 ಡಾಲರ್ ನಷ್ಟ. ಒಂದು ಕಾಲ್‌ಗೆ 21 ಡಾಲರ್‌ನಂತೆ ಕೊಟ್ಟು ಎದ್ದಿದ್ದೀರಿ. ಫ್ಲಶ್ ಬಂದು ಗೆದ್ದಿದ್ದರೂ ಆ ಕಾಲ್‌ನ ಬೆಲೆ ಅಷ್ಟೇ ಇರುತ್ತಿತ್ತು, ಕೇವಲ ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಫ್ಲಾಪ್‌ನ ಕಾಲ್ ಸರಿ ಎಂದದ್ದೇಕೆ? ಅಲ್ಲಿ 60 ಡಾಲರ್ ಗೆಲ್ಲಲು 20 ಕೊಟ್ಟಿರಿ, ಬೇಕಿದ್ದದ್ದು ಶೇ 25. ಮುಂದಿನ ಒಂದು ಎಲೆಯಲ್ಲಿ ಫ್ಲಶ್ ಆಗುವುದು ಶೇ 19. ಕೊರತೆ ಇದೆ, ಆದರೆ ಚಿಕ್ಕದು. ಫ್ಲಶ್ ಆದಾಗ ಇನ್ನೊಂದು 25 ಡಾಲರ್ ಅವನಿಂದ ಬಂದರೆ ಲೆಕ್ಕ ಸರಿಹೋಗುತ್ತದೆ, ಅವನ ಮುಂದೆ ಆಗ 140 ಇತ್ತು. ಟರ್ನ್‌ನಲ್ಲಿ ಕೊರತೆ ತುಂಬಲು ಇನ್ನೂ 170ರಷ್ಟು ಬೇಕು, ಅವನಲ್ಲಿ ಇದ್ದದ್ದು 60. ಕೈ ಬದಲಾಗಲಿಲ್ಲ, ಬೆಲೆ ಬದಲಾಯಿತು.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ನಿಮ್ಮ ಒಂಬತ್ತು ಎಲೆಗಳೂ ಸಮನಲ್ಲ. ಆಟೀನ್ ಏಳು ಅಥವಾ ಆಟೀನ್ ಎರಡು ಬಿದ್ದರೆ ಮೇಜಿನ ಮೇಲೆ ಜೋಡಿ ಆಗುತ್ತದೆ. ಎದುರಾಳಿಯ ಬಳಿ ಆಗಲೇ ಮೂರು ಏಳು ಅಥವಾ ಎರಡು ಜೋಡಿ ಇದ್ದರೆ ಅವನಿಗೆ ಫ್ಲಶ್ ಅನ್ನು ಮೀರಿಸುವ ಫುಲ್ ಹೌಸ್ ಆಗಬಹುದು. ಆಟೀನ್ ಎಕ್ಕ ಅಥವಾ ರಾಣಿಯ ಜೊತೆ ಇನ್ನೊಂದು ಆಟೀನ್ ಹಿಡಿದವನಿದ್ದರೆ ನಿಮ್ಮ ಫ್ಲಶ್ ಎರಡನೆಯದಾಗುತ್ತದೆ. ಔಟ್ಸ್ ಎಣಿಸುವಾಗ ಕೈ ಬಿಗಿ ಹಿಡಿಯುವುದು ಒಳ್ಳೆಯದು.

ಮೇಜಿನಲ್ಲಿ ಕುಳಿತು ಭಾಗಾಕಾರ ಮಾಡುವ ಕಷ್ಟ ಬೇಡ. ಎದುರಾಳಿ ಪಾಟ್‌ನ ಮೂರನೇ ಒಂದರಷ್ಟು ಕಟ್ಟಿದರೆ ನಿಮಗೆ ಶೇ 20, ಅರ್ಧ ಕಟ್ಟಿದರೆ 25, ಪೂರ್ಣ ಕಟ್ಟಿದರೆ 33 ಬೇಕು. ಇಷ್ಟು ಬಾಯಿಪಾಠವಾದರೆ ಸಾಕು.

ಪ್ರಶ್ನೆ: ಎಕ್ಕ ಬಂದರೆ ಬಿಡಲು ಮನಸ್ಸೇ ಬರುವುದಿಲ್ಲ. ಜೊತೆಗೆ ಆರು ಇರಲಿ, ಏಳು ಇರಲಿ, ಬ್ಲೈಂಡ್ ಮೊತ್ತ ಕೊಟ್ಟು ಫ್ಲಾಪ್ ನೋಡುತ್ತೇನೆ. ಇದು ತಪ್ಪೇ? ಗೆಳೆಯರ ಮನೆಯಲ್ಲಿ ಬರಿಯ ಚಿಪ್‌ಗಳಿಟ್ಟು ಒಂಬತ್ತು ಜನ ಆಡುತ್ತೇವೆ. — ಬೆಂಗಳೂರಿನ ಓದುಗರು

ಉತ್ತರ: ತಪ್ಪು. ಒಂಬತ್ತು ಜನರ ಮೇಜಿನಲ್ಲಿ ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದಾಗ ಉಳಿದ ಎಂಟು ಜನರಲ್ಲಿ ಒಬ್ಬರ ಬಳಿಯಾದರೂ ಇನ್ನೊಂದು ಎಕ್ಕ ಇರುವ ಸಂಭವ ಸುಮಾರು ಶೇ 70. ಅವರು ಹಣ ಹಾಕಿ ಉಳಿದುಕೊಂಡಿದ್ದಾರೆ ಎಂದರೆ ಅವರ ಎರಡನೆಯ ಎಲೆ ರಾಜ ಅಥವಾ ರಾಣಿ ಆಗಿರುವುದೇ ಹೆಚ್ಚು. ಎಕ್ಕ-ಆರು ಹಿಡಿದು ಎಕ್ಕ-ರಾಣಿಯ ಎದುರು ಕುಳಿತರೆ ಗೆಲ್ಲುವುದು ನಾಲ್ಕರಲ್ಲಿ ಒಮ್ಮೆ. ಫ್ಲಾಪ್‌ನಲ್ಲಿ ಎಕ್ಕ ಬೀಳದಿದ್ದರೆ ಕೈ ಸತ್ತಂತೆ. ಬಿದ್ದರೆ ನೀವು ಬಿಡುವುದಿಲ್ಲ, ಮೂರು ಸಲ ಕಾಲ್ ಮಾಡಿ ದೊಡ್ಡ ಪಾಟ್ ಸೋಲುತ್ತೀರಿ. ಎರಡನೆಯದೇ ದುಬಾರಿ.

ಯಾವ ಕೈ ಆಡಬೇಕು ಎನ್ನುವುದನ್ನು ನೀವು ಕುಳಿತ ಜಾಗ ತೀರ್ಮಾನಿಸುತ್ತದೆ. ಬ್ಲೈಂಡ್‌ಗಳ ಪಕ್ಕದಲ್ಲಿದ್ದು ಮೊದಲು ಮಾತಾಡಬೇಕಾದಾಗ ಹತ್ತರಿಂದ ಎಕ್ಕದವರೆಗಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಬಣ್ಣದ ಎಕ್ಕ-ಗುಲಾಮ ಮತ್ತು ರಾಜ-ರಾಣಿ, ಇಷ್ಟಕ್ಕೆ ನಿಲ್ಲಿ. ಹಂಚಿಕೆಯಲ್ಲಿ ಸಾಧ್ಯವಿರುವ 1,326 ಕೈಗಳಲ್ಲಿ ಇವು 70 ಮಾತ್ರ. ಬೇಸರ ಬರುತ್ತದೆ, ಬರಲಿ. ಬಟನ್‌ನಲ್ಲಿ, ಅಂದರೆ ಫ್ಲಾಪ್‌ನಿಂದ ಮುಂದೆ ಎಲ್ಲರ ನಂತರ ಆಡುವ ಜಾಗದಲ್ಲಿ ಕುಳಿತಿದ್ದು ಎಲ್ಲರೂ ಫೋಲ್ಡ್ ಮಾಡುತ್ತ ಬಂದಿದ್ದರೆ ಯಾವ ಜೋಡಿಯಾದರೂ ಸರಿ, ಒಂದೇ ಬಣ್ಣದ ಯಾವ ಎಕ್ಕವಾದರೂ ಸರಿ, ಒಂದೇ ಬಣ್ಣದ ಎಂಟು-ಒಂಬತ್ತು ಕೂಡ ಆದೀತು. ಅಲ್ಲಿ ನಿಮ್ಮ ಎಕ್ಕ-ಆರಕ್ಕೂ ಜಾಗವಿದೆ.

ಜಾಗದ ಬೆಲೆ ಎಷ್ಟು ಎನ್ನುವುದಕ್ಕೆ ನಾರ್ವೆಯ ಅನೆಟ್ ಒಬ್ರೆಸ್ಟಾಡ್ ಅವರ ಪ್ರಸಂಗ ನೋಡಿ. 180 ಜನರ ಒಂದು ಆನ್‌ಲೈನ್ ಪಂದ್ಯವನ್ನು ಅವರು ಒಂದೇ ಒಂದು ಸಲ ಬಿಟ್ಟರೆ ತಮ್ಮ ಎಲೆಗಳನ್ನು ನೋಡದೆಯೇ ಆಡಿ ಗೆದ್ದರು. ಅವರು ನೋಡುತ್ತಿದ್ದದ್ದು ಯಾರು ಎಲ್ಲಿ ಕುಳಿತಿದ್ದಾರೆ, ಹೇಗೆ ಆಡುತ್ತಿದ್ದಾರೆ ಎನ್ನುವುದನ್ನು. 2007ರಲ್ಲಿ ಲಂಡನ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಯುರೋಪ್‌ನ ಮುಖ್ಯ ಪಂದ್ಯವನ್ನು ಗೆದ್ದಾಗ ಅವರಿಗೆ 18 ವರ್ಷ.

ಒಳಬರುವುದಾದರೆ ರೇಸ್ ಮಾಡಿ ಬನ್ನಿ. ಬ್ಲೈಂಡ್‌ನಷ್ಟೇ ಕೊಟ್ಟು ನುಸುಳುವ ಆಟಕ್ಕೆ ಲಿಂಪ್ ಎನ್ನುತ್ತಾರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ರೂಪಿಸಿದ ಪ್ಲೂರಿಬಸ್ ಎಂಬ ಪ್ರೋಗ್ರಾಂ 2019ರಲ್ಲಿ ಆರು ಜನರ ಮೇಜಿನಲ್ಲಿ ನುರಿತ ವೃತ್ತಿಪರರನ್ನು ಮೀರಿಸಿತು. ಮನುಷ್ಯರ ಆಟವನ್ನು ನೋಡದೆ, ತನ್ನೊಂದಿಗೆ ತಾನೇ ಆಡಿ ಕಲಿತ ಅದು ಸ್ಮಾಲ್ ಬ್ಲೈಂಡ್ (ಎರಡು ಬ್ಲೈಂಡ್‌ಗಳಲ್ಲಿ ಚಿಕ್ಕದನ್ನು ಕಟ್ಟುವ ಜಾಗ) ಒಂದನ್ನು ಬಿಟ್ಟು ಬೇರೆಲ್ಲ ಜಾಗಗಳಿಂದ ಲಿಂಪ್ ಮಾಡುವುದನ್ನು ತಾನಾಗಿಯೇ ಕೈಬಿಟ್ಟಿತು. ರೇಸ್ ಮಾಡಿದಾಗ ಫ್ಲಾಪ್ ನೋಡದೆಯೇ ಪಾಟ್ ನಿಮ್ಮದಾಗಬಹುದು. ಲಿಂಪ್‌ಗೆ ಆ ದಾರಿಯೇ ಇಲ್ಲ.

ಪ್ರಶ್ನೆ: ಉಚಿತ ಚಿಪ್‌ಗಳ ಆ್ಯಪ್‌ನಲ್ಲಿ ಆಡುತ್ತೇನೆ. ಎಕ್ಕದ ಜೋಡಿ ಬಂದಾಗಲೆಲ್ಲ ಸೋಲುತ್ತೇನೆ. ಆ್ಯಪ್‌ನಲ್ಲೇ ಏನೋ ಮೋಸ ಇರಬಹುದೇ? — ಮೈಸೂರಿನ ಓದುಗರು

ಉತ್ತರ: ಆ್ಯಪ್ ಅನ್ನು ದೂರುವ ಮೊದಲು ಎದುರಾಳಿಗಳ ಸಂಖ್ಯೆ ಎಣಿಸಿ. ಎಕ್ಕದ ಜೋಡಿ ಸರಾಸರಿ 221 ಕೈಗಳಿಗೊಮ್ಮೆ ಬರುತ್ತದೆ. ರಾಜನ ಜೋಡಿಯ ಎದುರೂ ಅದು ಗೆಲ್ಲುವುದು ಶೇ 82, ಅಂದರೆ ಐದಾರು ಸಲಕ್ಕೊಮ್ಮೆ ಸೋಲು ಇದ್ದದ್ದೇ. ಉಚಿತ ಚಿಪ್‌ಗಳ ಆಟದಲ್ಲಿ ಯಾರೂ ಫೋಲ್ಡ್ ಮಾಡುವುದಿಲ್ಲ. ಸಿಕ್ಕ ಎಲೆ ಹಿಡಿದ ನಾಲ್ವರು ಕೊನೆಯವರೆಗೂ ಉಳಿದರೆ ನಿಮ್ಮ ಎಕ್ಕಗಳು ಗೆಲ್ಲುವುದು ಶೇ 56ರಷ್ಟು ಮಾತ್ರ. ಎದುರಾಳಿಯನ್ನು ಬಲೆಗೆ ಬೀಳಿಸಲೆಂದು ಎಕ್ಕದ ಜೋಡಿಯನ್ನು ಸುಮ್ಮನೆ ಕಾಲ್ ಮಾಡುತ್ತಿದ್ದೀರಾ? ಹಾಗಿದ್ದರೆ ಆ ನಾಲ್ವರನ್ನು ಒಳಗೆ ಬಿಟ್ಟವರು ನೀವೇ. ಒಬ್ಬಿಬ್ಬರು ಮಾತ್ರ ಉಳಿಯುವಷ್ಟು ದೊಡ್ಡದಾಗಿ ರೇಸ್ ಮಾಡಿ.

ಪ್ರಶ್ನೆ: ಆಟ ಸುಧಾರಿಸಲು ನಿಜವಾದ ಹಣ ಇಟ್ಟೇ ಆಡಬೇಕು ಎಂದು ಗೆಳೆಯ ಹೇಳುತ್ತಾನೆ. ಎಷ್ಟು ಹಣ ಇಟ್ಟುಕೊಂಡು ಶುರು ಮಾಡಲಿ? ಬೇಕಿದ್ದರೆ ಸಾಲ ತರಬಹುದು. — ಹಾಸನದ ಓದುಗರು

ಉತ್ತರ: ಮೊದಲು ಕಾನೂನು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ದೇಶದ ದೊಡ್ಡ ಪೋಕರ್ ಆ್ಯಪ್‌ಗಳು ಆಗಲೇ ಹಣದ ಆಟ ನಿಲ್ಲಿಸಿದವು. ಈಗಲೂ ಹಣ ಹಾಕಿ ಎಂದು ಮೊಬೈಲ್‌ಗೆ ಲಿಂಕ್ ಕಳುಹಿಸುವವರಿಂದ ದೂರವಿರಿ; ಅಲ್ಲಿ ಕಳೆದುಹೋದ ಹಣವನ್ನು ಕೇಳಲು ನಿಮಗೆ ಬಾಗಿಲೇ ಇರುವುದಿಲ್ಲ.

ಕಲಿಯಲು ಹಣ ಬೇಕಿಲ್ಲ. ಪ್ರತಿ ಕೈ ಮುಗಿದ ಮೇಲೆ ಎಲ್ಲಿ ಕುಳಿತಿದ್ದೆ, ಪಾಟ್ ಎಷ್ಟಿತ್ತು, ಎಷ್ಟಕ್ಕೆ ಕಾಲ್ ಮಾಡಿದೆ, ಎಷ್ಟು ಔಟ್ಸ್ ಇದ್ದವು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಗೆದ್ದೆನೋ ಸೋತೆನೋ ಎನ್ನುವುದನ್ನು ಬರೆಯಬೇಡಿ, ಅದು ದಿಕ್ಕು ತಪ್ಪಿಸುತ್ತದೆ. ಹಣದ ಆಟ ಕಾನೂನುಬದ್ಧವಾಗಿರುವ ಊರುಗಳಲ್ಲಿ ನುರಿತವರು ಒಂದು ಮೇಜಿಗೆ ಕುಳಿತುಕೊಳ್ಳಲು ಬೇಕಾದ ಹಣದ 20ರಿಂದ 30 ಪಟ್ಟನ್ನು ಮನೆಖರ್ಚಿನಿಂದ ಬೇರೆಯಾಗಿ ಇಟ್ಟುಕೊಂಡಿರುತ್ತಾರೆ. ಚೆನ್ನಾಗಿ ಆಡುವವರಿಗೂ ವಾರಗಟ್ಟಲೆ ಸೋಲು ಬರುತ್ತದೆ ಎನ್ನುವುದೇ ಅದಕ್ಕೆ ಕಾರಣ. ನಿಮ್ಮ ಪತ್ರದ ಕೊನೆಯಲ್ಲಿ ಸಾಲದ ಮಾತು ಬಂದಿದೆ. ಸಾಲ ತಂದು ಆಡುವ ಯೋಚನೆ ಇದ್ದರೆ, ಅಥವಾ ಕಳೆದದ್ದನ್ನು ಮರಳಿ ಪಡೆಯುವ ಹಟ ಆಗಲೇ ಹತ್ತಿದ್ದರೆ ಎಲೆ ಕೆಳಗಿಟ್ಟು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಗೋವಾದಲ್ಲಿ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನಲ್ಲಿ ವರ್ಷಕ್ಕೆ ಒಂದೆರಡು ಸಲ ಆಡುತ್ತೇನೆ. ದುರ್ಬಲ ಕೈಯಲ್ಲೂ ಧೈರ್ಯ ಮಾಡಿ ಕಟ್ಟಿ ಬ್ಲಫ್ ಮಾಡಿದರೆ ಯಾರಾದರೊಬ್ಬರು ಐದರ ಜೋಡಿ ಹಿಡಿದು ಕಾಲ್ ಮಾಡಿಬಿಡುತ್ತಾರೆ. ಬ್ಲಫ್ ಮಾಡುವುದನ್ನು ಕಲಿಯುವುದು ಹೇಗೆ? — ಬೆಳಗಾವಿಯ ಓದುಗರು

ಉತ್ತರ: ಆ ಮೇಜಿನಲ್ಲಿ ಕಲಿಯಬೇಕಾದದ್ದು ಬ್ಲಫ್ ಅಲ್ಲ. ಐದರ ಜೋಡಿಗೂ ಕಾಲ್ ಮಾಡುವ ಜನ ನಿಮಗೆ ಸಿಕ್ಕಿದ್ದಾರೆ, ಅವರಿಗೆ ನಿಮ್ಮ ಒಳ್ಳೆಯ ಕೈಗಳನ್ನು ಮಾರಿ. ರಾಜನ ಜೋಡಿ ಹಿಡಿದು ಸೋಲುವ ಭಯದಿಂದ ರಿವರ್‌ನಲ್ಲಿ ಏನೂ ಕಟ್ಟದೆ ಚೆಕ್ ಮಾಡುತ್ತೀರಲ್ಲ, ಅಲ್ಲಿ ಪಾಟ್‌ನ ಅರ್ಧ ಕಟ್ಟಿ. ಅವರು ಐದರ ಜೋಡಿಯಿಂದ ಅದಕ್ಕೂ ಕಾಲ್ ಮಾಡುತ್ತಾರೆ.

ಬ್ಲಫ್‌ಗೂ ಬೆಲೆ ಇದೆ. 6,000 ರೂಪಾಯಿಯ ಪಾಟ್‌ಗೆ 6,000 ಕಟ್ಟಿ ಬ್ಲಫ್ ಮಾಡಿದರೆ ಎರಡರಲ್ಲಿ ಒಮ್ಮೆಗಿಂತ ಹೆಚ್ಚು ಫಲಿಸಬೇಕು. 3,000 ಕಟ್ಟಿದರೆ ಮೂರರಲ್ಲಿ ಒಮ್ಮೆಗಿಂತ ಹೆಚ್ಚು. ಎದುರಿಗೆ ಮೂವರಿದ್ದು, ಪ್ರತಿಯೊಬ್ಬರೂ ಹತ್ತರಲ್ಲಿ ಏಳು ಸಲ ಫೋಲ್ಡ್ ಮಾಡುವವರೇ ಆದರೂ ಮೂವರೂ ಒಟ್ಟಿಗೆ ಬಿಡುವುದು ಶೇ 34 ಮಾತ್ರ. ಆದ್ದರಿಂದ ಒಬ್ಬನೇ ಎದುರಾಳಿ ಇದ್ದಾಗ, ಅವನು ಫೋಲ್ಡ್ ಮಾಡಿದ್ದನ್ನು ನೀವು ಕಣ್ಣಾರೆ ಕಂಡಿದ್ದಾಗ ಮಾತ್ರ ಬ್ಲಫ್‌ಗೆ ಇಳಿಯಿರಿ. ಮೊದಲ ಹಂತದಿಂದಲೂ ನೀವು ಕಟ್ಟುತ್ತ ಬಂದ ರೀತಿ ನೀವು ತೋರಿಸಹೊರಟ ಕೈಗೆ ಹೊಂದಬೇಕು. ಫ್ಲಾಪ್, ಟರ್ನ್ ಎರಡರಲ್ಲೂ ಚೆಕ್ ಮಾಡಿ ರಿವರ್‌ನಲ್ಲಿ ಏಕಾಏಕಿ ದೊಡ್ಡ ಮೊತ್ತ ಕಟ್ಟಿದರೆ ಐದರ ಜೋಡಿ ಹಿಡಿದವನು ನಂಬದಿರುವುದು ಸಹಜ.

ಬ್ಲಫ್ ಮಾಡಲೇಬೇಕೆನಿಸಿದರೆ ಕೈಯಲ್ಲಿ ಏನೂ ಇಲ್ಲದಾಗ ಬೇಡ; ಫ್ಲಶ್‌ಗೆ ಅಥವಾ ಸ್ಟ್ರೇಟ್‌ಗೆ (ಅನುಕ್ರಮವಾಗಿ ಬರುವ ಐದು ಎಲೆ) ಒಂದು ಎಲೆ ಕಡಿಮೆ ಇರುವಾಗ, ಇನ್ನೂ ಎರಡು ಎಲೆ ಬಾಕಿ ಇರುವ ಫ್ಲಾಪ್‌ನಲ್ಲೇ ರೇಸ್ ಮಾಡಿ. ಅವನು ಫೋಲ್ಡ್ ಮಾಡಿದರೆ ಪಾಟ್ ನಿಮ್ಮದು, ಕಾಲ್ ಮಾಡಿದರೂ ನಿಮ್ಮ ಎಂಟೊಂಬತ್ತು ಔಟ್ಸ್ ಜೀವಂತವಾಗಿರುತ್ತವೆ.