ಸಮುದಾಯ ತೋಟಕ್ಕೆ ಜನ ಬರುತ್ತಿಲ್ಲ ಎಂದವರಿಗೆ

ನೀವು ಕೇಳಿದ್ದು ಇಷ್ಟು: ಬಡಾವಣೆಯ ಖಾಲಿ ಜಾಗದಲ್ಲಿ ಎಲ್ಲರೂ ಸೇರಿ ತೋಟ ಶುರು ಮಾಡಿದ್ದೀರಿ, ವಾಟ್ಸಾಪ್ ಗುಂಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ಭಾನುವಾರ ಕೆಲಸಕ್ಕೆ ಇಳಿಯುವವರು ಅದೇ ನಾಲ್ಕು ಜನ. ಕೊನೆಗೆ "ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ" ಅಂತ ಬೇರೆ ಬರೆದಿದ್ದೀರಿ. ಅದನ್ನು ನಾನು ಒಪ್ಪಲ್ಲ. ಆಸಕ್ತಿ ಇಲ್ಲದವರು ಗುಂಪಿನಲ್ಲಿದ್ದುಕೊಂಡು ಪ್ರತಿ ಫೋಟೋಗೂ ಹೆಬ್ಬೆರಳು ಒತ್ತುತ್ತಾ ಕೂರುತ್ತಾರಾ?

ನೀವು ಕರೆಯುವ ರೀತಿ ನೋಡಿ. "ನಾಳೆ ಬೆಳಿಗ್ಗೆ ಕಳೆ ಕೀಳೋಣ, ಎಲ್ಲರೂ ಬನ್ನಿ." ಓದಿದ ಪ್ರತಿಯೊಬ್ಬರೂ, ಹೋಗೋರು ಹೋಗ್ತಾರೆ ಬಿಡು ಅಂದುಕೊಳ್ಳುತ್ತಾರೆ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದರು. ಬೇರೆ ಕೋಣೆಯಲ್ಲಿರುವ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಇಂಟರ್‌ಕಾಮ್‌ನಲ್ಲಿ ಸದ್ದು ಕೇಳಿಸಿದರು. ಕೇಳಿಸಿಕೊಂಡವನು ನಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85 ಮಂದಿ ಕೂಡಲೇ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ವರಿಗೆ ಕೇಳಿಸಿದೆ ಅಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಒಂದು ಜೀವದ ವಿಷಯದಲ್ಲೇ ಹೀಗಾದರೆ ಕಳೆ ಕೀಳೋದಕ್ಕೆ ಯಾರು ಏಳುತ್ತಾರೆ ಹೇಳಿ.

ಹಾಗಾಗಿ ಗುಂಪಿನಲ್ಲಿ ಕರೆಯೋದನ್ನು ಸ್ವಲ್ಪ ದಿನ ಬಿಡಿ. ಒಬ್ಬೊಬ್ಬರನ್ನೇ, ಹೆಸರು ಹಿಡಿದು, ಎದುರಿಗೆ ಸಿಕ್ಕಾಗ ಕೇಳಿ. ಕೇಳುವ ಕೆಲಸ ಸಣ್ಣದಿರಲಿ, ಎಲ್ಲಿ ಮುಗಿಯುತ್ತೆ ಅಂತ ಗೊತ್ತಾಗುವಂತಿರಲಿ. "ತೋಟಕ್ಕೆ ಬನ್ನಿ" ಅಂದರೆ ಎಷ್ಟು ಹೊತ್ತು ಸಿಕ್ಕಿಹಾಕಿಕೊಳ್ಳಬೇಕೋ ಅಂತ ಭಯ. "ಬುಧವಾರ ಸಂಜೆ ಈ ಎರಡು ಮಡಿಗೆ ನೀರು ಬಿಡ್ತೀರಾ?" ಅಂದರೆ ಹೂಂ ಅಥವಾ ಊಹೂಂ ಅನ್ನೋದು ಸುಲಭ. ಎಲ್ಲರಿಗೂ ಮಣ್ಣಿನ ಕೆಲಸವೇ ಆಗಬೇಕು ಅಂತಲೂ ಇಲ್ಲ. ಮಂಡಿ ನೋವಿನವರು ಕೂತು ಬೀಜ ಬೇರ್ಪಡಿಸಿ ಡಬ್ಬಿ ಮೇಲೆ ಹೆಸರು ಬರೆಯಬಹುದು. ಲೆಕ್ಕ ಬರುವವರು ಖರ್ಚಿನ ಪುಸ್ತಕ ನೋಡಿಕೊಳ್ಳಲಿ. ಪೈಪು ರಿಪೇರಿ ಗೊತ್ತಿರುವವರು ವರ್ಷಕ್ಕೆ ಎರಡು ಸಲ ಬಂದರೂ ಸಾಕು, ಅವರೂ ತೋಟದವರೇ.

ಇನ್ನೊಂದು ವಿಷಯ ಸ್ವಲ್ಪ ಚುರುಕ್ ಅನ್ನಿಸಬಹುದು, ಆದರೂ ಹೇಳ್ತೀನಿ. ಏನು ಬೆಳೆಯಬೇಕು, ಎಲ್ಲಿ ಗೊಬ್ಬರದ ಗುಂಡಿ, ಕೊಯ್ದದ್ದು ಯಾರಿಗೆ, ಇದನ್ನೆಲ್ಲ ಈಗ ತೀರ್ಮಾನ ಮಾಡೋದು ಯಾರು? ನೀವು ನಾಲ್ಕು ಜನವೇ ಆಗಿದ್ದರೆ ಉಳಿದವರು ಬರೀ ಆಳುಗಳಾದರು, ಅದೂ ಕೂಲಿ ಇಲ್ಲದ ಆಳುಗಳು. ಎಲಿನಾರ್ ಆಸ್ಟ್ರಮ್ ನೀರು, ಕಾಡು, ಮೀನುಗಾರಿಕೆಯಂಥ ಹಂಚಿಕೊಂಡು ಬಳಸುವ ಸಂಪತ್ತನ್ನು ಜನ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಹಲವು ದೇಶಗಳ ಉದಾಹರಣೆ ಇಟ್ಟುಕೊಂಡು ಅಧ್ಯಯನ ಮಾಡಿದವರು, 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬಹುಕಾಲ ಬಾಳಿದ ಕಡೆಗಳಲ್ಲಿ ಅವರು ಕಂಡ ಒಂದು ಲಕ್ಷಣ: ನಿಯಮ ಪಾಲಿಸಬೇಕಾದವರಿಗೆ ಅದನ್ನು ಬದಲಿಸುವ ಮಾತಿನಲ್ಲೂ ಪಾಲಿರುತ್ತದೆ. ನಿಮ್ಮಲ್ಲಿ ಇದನ್ನು ಹೀಗೆ ಮಾಡಿ. ಒಂದು ಮಡಿಯನ್ನು ಪೂರ್ತಿ ಒಬ್ಬರಿಗೋ ಒಂದು ಮನೆಗೋ ಬಿಟ್ಟುಕೊಡಿ. ಅವರು ಹಾಕಿದ್ದು ಆ ಕಾಲಕ್ಕೆ ಬರಲ್ಲ ಅಂತ ನಿಮಗೆ ಗೊತ್ತಿದ್ದರೂ ಒಂದು ಸಲ ಹೇಳಿ, ಆಮೇಲೆ ಸುಮ್ನಿರಿ. ಹೋಗಿ ಕಿತ್ತು ಬೇರೆ ನೆಟ್ಟರೆ ಆ ಮನೆಯವರು ಮತ್ತೆ ಈ ಕಡೆ ತಿರುಗಿಯೂ ನೋಡಲ್ಲ.

ಹೊಸಬರನ್ನು ಎಲ್ಲಿಂದ ತರೋದು ಅಂತಲೂ ಕೇಳಿದ್ದೀರಿ. ನಿಮ್ಮ ನಾಲ್ವರಿಗೂ ಹೆಚ್ಚುಕಡಿಮೆ ಅದೇ ಸ್ನೇಹಿತರು, ಸುದ್ದಿ ಅಲ್ಲಲ್ಲೇ ಸುತ್ತುತ್ತಿರುತ್ತೆ. ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದಾಗ, ಸುದ್ದಿ ಕೊಟ್ಟವರು ಹೆಚ್ಚಾಗಿ ಆಗೊಮ್ಮೆ ಈಗೊಮ್ಮೆ ಕಾಣುವ ಮುಖಪರಿಚಯದವರು, ಆಪ್ತರು ಕಡಿಮೆ. ನಿಮ್ಮ ಬಡಾವಣೆಯಲ್ಲಿ ಅಂಥವರು ಯಾರು? ಎಲ್ಲ ಮನೆಯವರ ಜೊತೆ ಎರಡು ಮಾತಾಡುವ ಕಾವಲುಗಾರ, ನಾಯಿ ಕರೆದುಕೊಂಡು ಸುತ್ತುವವರು, ಯಾರ ಮನೆಗೆ ಬೇಕಾದರೂ ನುಗ್ಗುವ ಮಕ್ಕಳು. ಬಾಡಿಗೆಗೆ ಹೊಸದಾಗಿ ಬಂದವರನ್ನಂತೂ ಬಿಡಲೇಬೇಡಿ, ಅವರಿಗೂ ನಾಲ್ಕು ಜನರ ಪರಿಚಯ ಬೇಕಾಗಿರುತ್ತೆ.

ಗೇಟಿನ ಹತ್ತಿರ ನೆರಳಿನಲ್ಲಿ ಒಂದು ಬೆಂಚು ಹಾಕಿ. ಕೆಲಸ ಮಾಡದೆ ಸುಮ್ನೆ ಕೂತು ಹರಟೆ ಹೊಡೆಯುವವರು ಬಂದರೂ ಬೇಜಾರು ಮಾಡ್ಕೋಬೇಡಿ. 1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅಕ್ಕಪಕ್ಕದ ಎರಡು ಬಡ ಪ್ರದೇಶಗಳಲ್ಲಿ ಸಾವಿನ ಪ್ರಮಾಣಕ್ಕೆ ಅಜಗಜಾಂತರ ಇತ್ತು. ಒಂಟಿ ವಯಸ್ಸಾದವರು ಎರಡೂ ಕಡೆ ಇದ್ದರು. ಕ್ಲಿನೆನ್‌ಬರ್ಗ್ ಎಂಬ ಸಂಶೋಧಕ ಹೋಗಿ ನೋಡಿದಾಗ, ಸಾವು ಕಡಿಮೆ ಇದ್ದ ಕಡೆ ಬೀದಿಯಲ್ಲಿ ಜನ, ಅಂಗಡಿ, ಓಡಾಟ ಇತ್ತು, ಅಜ್ಜ ಅಜ್ಜಿಯರೂ ಹೊರಗೆ ಬರುತ್ತಿದ್ದರು. ಬೆಂಚಿನ ಮೇಲೆ ದಿನಾ ಕೂರುವವರು ಎರಡು ದಿನ ಕಾಣದಿದ್ದರೆ ಯಾರಾದರೂ ಕೇಳ್ತಾರೆ ನೋಡಿ, ಅದಕ್ಕೆ.

ಅಂದಹಾಗೆ ನಿಮ್ಮ ಫೋಟೋದಲ್ಲಿ ಶೆಡ್ಡಿಗೆ ಬೀಗ ಕಂಡಿತು. ಬೀಗದ ಕೈ ಯಾರ ಹತ್ತಿರ ಇರುತ್ತೆ? ಒಬ್ಬರ ಮನೆಯಲ್ಲೇ ಇದ್ದರೆ ಮೊದಲು ಅದನ್ನು ಸರಿ ಮಾಡಿ. ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬಂದವರು ಗುದ್ದಲಿಗೋಸ್ಕರ ಇನ್ನೊಬ್ಬರ ಬಾಗಿಲು ಬಡಿದು ಕೇಳಲ್ಲ, ವಾಪಸ್ ಹೋಗ್ತಾರೆ. ನಂಬರ್ ಲಾಕ್ ಹಾಕಿ, ನಂಬರನ್ನು ಕೆಲಸ ಒಪ್ಪಿಕೊಂಡವರಿಗೆಲ್ಲ ಕೊಡಿ. ಒಂದು ಗುದ್ದಲಿ ಕಳೆದುಹೋದರೆ ಹೋಗಲಿ.