ಖಾಲಿ ಪೈಪಿಗೆ ನಾವೇಕೆ ದುಡ್ಡು ಕಟ್ಟಬೇಕು?

ಪೈಪ್ ಗ್ಯಾಸ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ ಕೊಡಿ ಅಂದಾಗ ತಕ್ಷಣ ಒಪ್ಪಿಕೊಂಡೆ. ಒಂದೇ ಪ್ರಶ್ನೆಯನ್ನು ಮದುವೆ ಮನೆಯಲ್ಲೂ ಕೇಳುತ್ತಾರೆ, ಬೆಳಗಿನ ವಾಕಿಂಗ್‌ನಲ್ಲೂ ಕೇಳುತ್ತಾರೆ. ಅದಕ್ಕೆ ವಾಟ್ಸಾಪ್‌ನಲ್ಲಿ ಓಡಾಡುವ ಉತ್ತರಗಳನ್ನು ನೋಡಿ ನನಗೆ ತಾಳ್ಮೆ ಉಳಿದಿಲ್ಲ. 30 ವರ್ಷ ಈ ಕೆಲಸ ಮಾಡಿದ್ದೇನೆ. ಮೊದಲು ಪೈಪ್‌ಲೈನಿನ ಕಂಟ್ರೋಲ್ ರೂಮಿನಲ್ಲಿ, ಆಮೇಲೆ ಸಾಗಣೆ ದರದ ಲೆಕ್ಕ ಹಾಕುವ ವಿಭಾಗದಲ್ಲಿ. ಸಿಲಿಂಡರಿನ ಎಲ್‌ಪಿಜಿ ಬೇರೆ, ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಬೇರೆ ಎನ್ನುವಲ್ಲಿಂದ ಶುರು ಮಾಡುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ.

ಪ್ರಶ್ನೆ: ಮಹಾರಾಷ್ಟ್ರ ಕರಾವಳಿಯ ದಾಭೋಲ್‌ನಿಂದ ಬೆಂಗಳೂರಿಗೆ ಬಂದ ಪೈಪ್‌ಲೈನ್ ವರ್ಷಗಟ್ಟಲೆ ಬಹುಪಾಲು ಖಾಲಿ ಇತ್ತು ಅಂತ ಓದಿದೆ. ಆ ಖಾಲಿ ಪೈಪಿನ ಖರ್ಚನ್ನು ನಮ್ಮ ಬಿಲ್ಲಿನಲ್ಲಿ ಯಾಕೆ ವಸೂಲಿ ಮಾಡುತ್ತಾರೆ? ಇದು ಹಗಲು ದರೋಡೆ ಅಲ್ವಾ? (ವಿಜಯನಗರ, ಬೆಂಗಳೂರು)

ಮೊದಲು ದರೋಡೆ ಎಷ್ಟು ಅಂತ ಲೆಕ್ಕ ಹಾಕೋಣ. ದೇಶದ ಮುಖ್ಯ ಪೈಪ್‌ಲೈನ್‌ಗಳಿಗೆ 2023ರ ಏಪ್ರಿಲ್ 1ರಿಂದ ಏಕೀಕೃತ ಸಾಗಣೆ ದರ ಬಂತು. ಆಗ ನಿಗದಿಯಾದ ಸರಾಸರಿ, ಒಂದು ಎಂಎಂಬಿಟಿಯುಗೆ 73 ರೂಪಾಯಿ 93 ಪೈಸೆ. ಎಂಎಂಬಿಟಿಯು ಅನ್ನುವುದು ಗ್ಯಾಸನ್ನು ಅದು ಕೊಡುವ ಶಾಖದಿಂದ ಅಳೆಯುವ ಮಾನ. ಒಂದು ಎಂಎಂಬಿಟಿಯು ಅಂದರೆ ನಿಮ್ಮ ಮೀಟರಿನ ಲೆಕ್ಕದಲ್ಲಿ ಸುಮಾರು 26 ಯೂನಿಟ್, ಅಂದರೆ ಘನ ಮೀಟರ್. ಆಗಿನ ಆ ದರದಲ್ಲಿ ಯೂನಿಟ್ಟಿಗೆ ಸುಮಾರು 2 ರೂಪಾಯಿ 80 ಪೈಸೆ. ತಿಂಗಳಿಗೆ 12 ಯೂನಿಟ್ ಉರಿಸುವ ಮನೆಗೆ 34 ರೂಪಾಯಿ ಆಸುಪಾಸು. ನೂರಾರು ಕಿಲೋಮೀಟರ್ ಆಚೆಯ ಸಮುದ್ರ ದಂಡೆಯಿಂದ ನಿಮ್ಮ ಊರಿನ ಅಂಚಿನವರೆಗೆ ಗ್ಯಾಸ್ ತರುವ ಕೂಲಿ ಇದು. ಬಿಲ್ಲಿನ ಉಳಿದ ಭಾಗ ಗ್ಯಾಸಿನ ಬೆಲೆ, ಊರೊಳಗಿನ ಪೈಪು, ತೆರಿಗೆ. ಸಿಟ್ಟು ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಯಾವುದರ ಮೇಲೆ ಅಂತ ತಿಳಿದು ಮಾಡಿಕೊಳ್ಳಿ.

ಈಗ ಪೈಪು ಖಾಲಿ ಯಾಕಿತ್ತು ಅಂತ ನೋಡೋಣ. ಸುಮಾರು 1,000 ಕಿಲೋಮೀಟರಿನ ಆ ಪೈಪ್‌ಲೈನ್ 2013ರಲ್ಲಿ ಚಾಲೂ ಆಯಿತು. ದಿನಕ್ಕೆ 1.6 ಕೋಟಿ ಘನ ಮೀಟರ್ ಸಾಗಿಸುವ ಸಾಮರ್ಥ್ಯ. ಆದರೆ ಗಿರಾಕಿಗಳು ಆ ಹೊತ್ತಿಗೆ ತಯಾರಿರಲಿಲ್ಲ. ಯಲಹಂಕದ 370 ಮೆಗಾವ್ಯಾಟ್ ಗ್ಯಾಸ್ ವಿದ್ಯುತ್ ಸ್ಥಾವರವನ್ನೇ ತೆಗೆದುಕೊಳ್ಳಿ. ಅದರ ಉದ್ಘಾಟನೆ ಆಗಿದ್ದು 2024ರಲ್ಲಿ. ಅತ್ತ ಹಡಗಿನಲ್ಲಿ ಬಂದ ಗ್ಯಾಸ್ ಇಳಿಸುವ ದಾಭೋಲ್ ಟರ್ಮಿನಲ್‌ಗೆ ಅಲೆತಡೆ ಗೋಡೆ ಪೂರ್ತಿಯಾಗದೆ ಎಷ್ಟೋ ವರ್ಷ ಮಳೆಗಾಲದಲ್ಲಿ ಹಡಗು ಬರುತ್ತಿರಲಿಲ್ಲ. ಕೊಚ್ಚಿಯ ಕಥೆ ಇದರ ಉಲ್ಟಾ. ಅಲ್ಲಿ ವರ್ಷಕ್ಕೆ 50 ಲಕ್ಷ ಟನ್ ಎಲ್‌ಎನ್‌ಜಿ (ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ) ಇಳಿಸುವ ಟರ್ಮಿನಲ್ 2013ರಲ್ಲೇ ಎದ್ದು ನಿಂತಿತ್ತು. ಗ್ಯಾಸ್ ಹೊರಗೆ ಒಯ್ಯಲು ಪೈಪಿರಲಿಲ್ಲ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪು ಉದ್ಘಾಟನೆ ಆಗಿದ್ದು 2021ರ ಜನವರಿ 5ರಂದು. ಅದೇ ಯೋಜನೆಯ ಕೊಯಮತ್ತೂರು, ಬೆಂಗಳೂರು ಕವಲು ತಮಿಳುನಾಡಿನ ರೈತರ ವಿರೋಧದಲ್ಲಿ ನಿಂತುಹೋಯಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಯೋಜನೆಯ ಪರ ತೀರ್ಪು ಕೊಟ್ಟ ಮೇಲೂ ಕೆಲಸ ವರ್ಷಗಟ್ಟಲೆ ತೆವಳಿತು. ಹಾಗಾಗಿ ಇಷ್ಟು ವರ್ಷ ಬೆಂಗಳೂರಿನ ಗ್ಯಾಸೆಲ್ಲ ಪಶ್ಚಿಮದಿಂದ ಬರುವ ಒಂದೇ ಪೈಪನ್ನು ನಂಬಿಕೊಂಡಿತ್ತು. ನನಗೆ ನಿದ್ದೆ ಕೆಡಿಸಿದ್ದು ಇದು. ಪೈಪು ಖಾಲಿ ಇದ್ದದ್ದಕ್ಕೆ ನಾನೆಂದೂ ನಿದ್ದೆಗೆಟ್ಟಿಲ್ಲ.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಯಾವ ಪೈಪ್‌ಲೈನ್ ಅನ್ನುವುದು ಬೇಡ. ಎರಡು ಗಂಟೆ ಹೊತ್ತಿಗೆ, ಗ್ಯಾಸ್ ಬರುವ ಕಡೆ ಅದನ್ನು ಒತ್ತಿ ಮುಂದೆ ತಳ್ಳುವ ಕಂಪ್ರೆಸರ್ ಟ್ರಿಪ್ ಆಯಿತು. ಪರದೆಯ ಮೇಲೆ ಪ್ರೆಶರ್ ಇಳಿಯಲು ಶುರುವಾಯಿತು: 62, 61, 60. ನಾನು ಲಾಗ್ ಶೀಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕಾಲು ಗಂಟೆಗೊಮ್ಮೆ ಬರೆಯುತ್ತಾ ಕೂತೆ. ಕೊನೆಯ ತುದಿಯಲ್ಲಿದ್ದ ಕಾರ್ಖಾನೆಗೆ ಫೋನ್ ಮಾಡಿ ಗ್ಯಾಸ್ ಕಡಿಮೆ ಮಾಡಿ ಅಂದೆ. ಆ ಕಡೆಯ ಆಪರೇಟರ್, ಚಿಕ್ಕ ಹುಡುಗ ಇರಬೇಕು, "ಸಾರ್, ಫರ್ನೇಸ್ ನಿಧಾನಕ್ಕೆ ತಣ್ಣಗಾಗಬೇಕು, ಎರಡು ಗಂಟೆ ಕೊಡಿ ಸಾರ್" ಅಂತ ಗೋಗರೆದ. ಕೊಟ್ಟೆ. ಪೈಪಿನೊಳಗೆ ಒತ್ತಿ ತುಂಬಿದ್ದ ಗ್ಯಾಸ್ ಇತ್ತು, ಅದರಿಂದ ಕೊಟ್ಟೆ. ನಾವು ಅದನ್ನು ಲೈನ್‌ಪ್ಯಾಕ್ ಅನ್ನುತ್ತೇವೆ. ದೊಡ್ಡ ಪೈಪು, ಕಡಿಮೆ ಗಿರಾಕಿ ಇದ್ದರೆ ಲೈನ್‌ಪ್ಯಾಕ್ ಜಾಸ್ತಿ ಹೊತ್ತು ತಾಳುತ್ತದೆ. ನೀವು ಖಾಲಿ ಅಂತ ಬೈಯುವ ಜಾಗವೇ ಅವತ್ತು ಆ ಹುಡುಗನಿಗೆ ಎರಡು ಗಂಟೆ ಕೊಟ್ಟಿತು. ಬೆಳಗಿನ ಜಾವ ಕಂಪ್ರೆಸರ್ ಮತ್ತೆ ಓಡಿತು. ಯಾವ ಮನೆಯ ಒಲೆಯೂ ಆರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲೂ ಇಲ್ಲ.

ಹಾಗಂತ ಕಂಪನಿ ಹೇಳಿದ ಖರ್ಚನ್ನೆಲ್ಲ ಕಣ್ಣುಮುಚ್ಚಿ ಕಟ್ಟಬೇಕಾ? ಖಂಡಿತ ಬೇಡ. ಅದಕ್ಕೇ 2006ರ ಕಾಯ್ದೆಯಡಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇರುವುದು. ಲೆಕ್ಕದ ತಿರುಳು ಸರಳ. ಪೈಪು ಹಾಕಿದ ಖರ್ಚು, ನಡೆಸುವ ಖರ್ಚು, ಹೂಡಿದ ಹಣಕ್ಕೆ ತೆರಿಗೆ ಕಳೆದು ಶೇ 12 ಲಾಭ. ಇದನ್ನೆಲ್ಲ ಕೂಡಿ, ಸಾಗುವ ಗ್ಯಾಸಿನಿಂದ ಭಾಗಿಸುತ್ತಾರೆ. ಜಗಳವೆಲ್ಲ ಈ ಭಾಗಾಕಾರದಲ್ಲಿದೆ. ನಿಜವಾಗಿ ಸಾಗಿದ್ದರಿಂದ ಭಾಗಿಸಿದರೆ, ಗಿರಾಕಿ ಕಮ್ಮಿಯಾದಷ್ಟೂ ದರ ಏರುತ್ತದೆ. ದರ ಏರಿದರೆ ಇದ್ದವರೂ ಓಡಿಹೋಗುತ್ತಾರೆ. ಅದಕ್ಕೇ ಮಂಡಳಿ, ಪೈಪು ಇಷ್ಟಾದರೂ ತುಂಬಿ ಓಡಬೇಕು ಅಂತ ತಾನೇ ಒಂದು ಅಂದಾಜು ಹಿಡಿಯುತ್ತದೆ. ಅದಕ್ಕಿಂತ ಕಮ್ಮಿ ಓಡಿದರೆ ಆ ನಷ್ಟ ಮಾಲೀಕನ ತಲೆಗೆ. ಇತ್ತೀಚಿನ ತಿದ್ದುಪಡಿಗಳಲ್ಲಿ ಈ ಅಂದಾಜನ್ನು ಸಡಿಲ ಮಾಡಿದ್ದಾರೆ. ನನಗೆ ಅದು ಹಿಡಿಸಿಲ್ಲ. ಸ್ವಲ್ಪ ಖಾಲಿ ಇರಲಿ ಅನ್ನುವುದು ಬೇರೆ, ಗಿರಾಕಿ ಎಲ್ಲಿದ್ದಾನೆ ಅಂತ ನೋಡದೆ ಪೈಪು ಹೂತ ತಪ್ಪನ್ನು ಜನರ ತಲೆಗೆ ಕಟ್ಟುವುದು ಬೇರೆ.

ಮಾಲೀಕನ ತಲೆಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಾಕಿನಾಡದಿಂದ ಭರೂಚ್‌ಗೆ ಹೋಗುವ ಪೂರ್ವ-ಪಶ್ಚಿಮ ಪೈಪ್‌ಲೈನ್ ನೋಡಿ. ನಮ್ಮ ರಾಜ್ಯದ ಉತ್ತರ ತುದಿಯನ್ನೂ ಹಾದು ಹೋಗುತ್ತದೆ. ಕೃಷ್ಣಾ-ಗೋದಾವರಿ ಕಡಲಿನ ಡಿ6 ಬಾವಿಗಳನ್ನು ನಂಬಿ ಹಾಕಿದ್ದು. 2010ರಲ್ಲಿ ಅಲ್ಲಿ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಗ್ಯಾಸ್ ಬರುತ್ತಿತ್ತು. ಕೆಲವೇ ವರ್ಷದಲ್ಲಿ ಅದು 1 ಕೋಟಿಗಿಂತ ಕೆಳಗೆ ಕುಸಿಯಿತು. ಪೈಪು ಮಾತ್ರ ಹಾಗೇ ಉಳಿಯಿತು. 2019ರಲ್ಲಿ ಅದು ಹೂಡಿಕೆದಾರರ ಟ್ರಸ್ಟ್ ಒಂದರ ಕೈ ಸೇರಿತು. ಇಂಥದ್ದನ್ನು ನೋಡಿದ ಖಾಸಗಿಯವರು ಹಿಂದುಳಿದ ಕಡೆ ಪೈಪು ಹಾಕಲು ಮುಂದೆ ಬರುವುದಿಲ್ಲ. ಆಗ ಸರ್ಕಾರವೇ ದುಡ್ಡು ಹಾಕಬೇಕು. ಜಗದೀಶ್‌ಪುರದಿಂದ ಹಲ್ದಿಯಾ, ಬೊಕಾರೊ, ಧಾಮ್ರಾಗಳಿಗೆ ಹೋಗುವ ಪೈಪ್‌ಲೈನಿಗೆ ಕೇಂದ್ರ ಶೇ 40ರಷ್ಟು, ಅಂದರೆ 5,176 ಕೋಟಿ ರೂಪಾಯಿ ಕೊಟ್ಟಿತು. ಈಶಾನ್ಯ ರಾಜ್ಯಗಳ ಗ್ರಿಡ್‌ಗೆ 2020ರಲ್ಲಿ ಶೇ 60ರಷ್ಟು ಒಪ್ಪಿತು. ಇದನ್ನು ದುಡ್ಡು ದಂಡ ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಏಕೀಕೃತ ದರದ ಬಗ್ಗೆಯೂ ಒಂದು ಮಾತು. ಮುಂಚೆ ಗ್ಯಾಸ್ ಮೂರು ಪೈಪು ದಾಟಿ ಬಂದರೆ ಮೂರು ಟೋಲ್ ಕಟ್ಟಬೇಕಿತ್ತು. ಗುಜರಾತಿನ ಕಾರ್ಖಾನೆ ಟರ್ಮಿನಲ್ ಪಕ್ಕದಲ್ಲೇ ಕೂತು ಅಗ್ಗಕ್ಕೆ ಸುಡುತ್ತಿತ್ತು, ನಾವು ದೂರದಲ್ಲಿದ್ದೇವೆ ಅಂತ ಜಾಸ್ತಿ ಕೊಡುತ್ತಿದ್ದೆವು. 2023ರಲ್ಲಿ ಎಲ್ಲ ಪೈಪುಗಳ ಖರ್ಚನ್ನು ಒಟ್ಟು ಮಾಡಿ, ದೂರ ನೋಡಿ ವಲಯ ಮಾಡಿ ಹಂಚಲು ಶುರು ಮಾಡಿದರು. ಇದರಲ್ಲಿ ಬೆಂಗಳೂರಿಗೆ ಲಾಭವೇ ಆಗಿದೆ. "ದರೋಡೆ" ಅಂತ ಫಾರ್ವರ್ಡ್ ಮಾಡುವವರು ಇದನ್ನು ಹೇಳುವುದಿಲ್ಲ.

ಹಾಗಾದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಯಾವುದು? ಪೈಪಿಗೆ ದುಡ್ಡು ಕೊಡುತ್ತೇವೆ, ಕೂಡಿಟ್ಟ ಗ್ಯಾಸಿಗೆ ಯಾರು ಕೊಡುತ್ತಿದ್ದಾರೆ? ಯಾರೂ ಇಲ್ಲ. ನಾವು ಸುಡುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹಡಗಿನಲ್ಲಿ ಬರುತ್ತದೆ. ದೊಡ್ಡ ಪಾಲು ಕತಾರ್‌ನದ್ದು, ಹೋರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಕಚ್ಚಾ ತೈಲಕ್ಕೆ ಮಂಗಳೂರು, ಪಾದೂರು, ವಿಶಾಖಪಟ್ಟಣಗಳಲ್ಲಿ ಬಂಡೆ ಕೊರೆದು 53.3 ಲಕ್ಷ ಟನ್ ತುಂಬಿಡುವ ಗುಹೆ ಮಾಡಿದ್ದೇವೆ. ನೈಸರ್ಗಿಕ ಅನಿಲಕ್ಕೆ ಅಂಥದ್ದು ಒಂದೂ ಇಲ್ಲ. ಟರ್ಮಿನಲ್‌ನ ಟ್ಯಾಂಕುಗಳಲ್ಲಿ ಇರುವುದು ಒಂದು ಹಡಗಿನಿಂದ ಇನ್ನೊಂದು ಹಡಗಿನ ತನಕ ಸಾಲುವಷ್ಟು. ಲೈನ್‌ಪ್ಯಾಕ್ ತಾಳುವುದು ಗಂಟೆಗಳ ಲೆಕ್ಕದಲ್ಲಿ.

ಸುಮ್ನೆ ಹೆದರಿಸುತ್ತಿಲ್ಲ. ಬ್ರಿಟನ್ನಿನ ರಫ್ ಎಂಬ ಸಮುದ್ರದಡಿಯ ಸಂಗ್ರಹಾಗಾರ ಆ ದೇಶದ ಗ್ಯಾಸ್ ಸಂಗ್ರಹದಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಇತ್ತು. ರಿಪೇರಿ ಖರ್ಚು ಗಿಟ್ಟುವುದಿಲ್ಲ ಅಂತ 2017ರಲ್ಲಿ ಮಾಲೀಕರು ಮುಚ್ಚಿದರು, ಸರ್ಕಾರ ಕೈ ಕಟ್ಟಿ ಕೂತಿತು. ಐದು ವರ್ಷ ಕಳೆದು ರಷ್ಯಾ ಯುದ್ಧ ಬಂತು. 2022ರ ಅಕ್ಟೋಬರ್‌ನಲ್ಲಿ ಅದನ್ನೇ ಮತ್ತೆ ಸ್ವಲ್ಪ ಮಟ್ಟಿಗೆ ತೆರೆದರು. ಜರ್ಮನಿಯ ಅತಿದೊಡ್ಡ ಸಂಗ್ರಹಾಗಾರ ರೇಡನ್ ರಷ್ಯಾದ ಗಾಜ್‌ಪ್ರೋಮ್ ಕೈಯಲ್ಲಿತ್ತು. ಯುದ್ಧ ಶುರುವಾದ 2021-22ರ ಚಳಿಗಾಲದಲ್ಲಿ ಅದು ಬಹುತೇಕ ಬರಿದಾಗಿತ್ತು. ತುಂಬಿಡಲೇಬೇಕು ಅಂತ ಕಾನೂನೇ ಇರಲಿಲ್ಲ! ಆಮೇಲೆ ಯುರೋಪ್ ಎಚ್ಚೆತ್ತು, 2022ರ ನವೆಂಬರ್ 1ಕ್ಕೆ ಶೇ 80 ತುಂಬಿರಬೇಕು ಎಂಬ ನಿಯಮ ತಂದಿತು. ಜರ್ಮನಿ ಅದರ ಖರ್ಚಿಗೆ ಬಳಕೆದಾರರ ಮೇಲೆ ಸಣ್ಣ ಶುಲ್ಕ ಹಾಕಿತು. ಅದೇ ವರ್ಷ ಏಷ್ಯಾದ ಮಾರುಕಟ್ಟೆಯಲ್ಲಿ ಎಲ್‌ಎನ್‌ಜಿ ಒಂದು ಎಂಎಂಬಿಟಿಯುಗೆ 70 ಡಾಲರ್ ದಾಟಿತ್ತು. ಎರಡು ವರ್ಷ ಹಿಂದೆ ಅದೇ ಗ್ಯಾಸ್ 2 ಡಾಲರಿಗೂ ಕೆಳಗಿತ್ತು. ಅಗ್ಗ ಇದ್ದಾಗ ತುಂಬಿಡಲು ನಮಗೆ ಜಾಗವೇ ಇರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯೂನಿಟ್ಟಿಗೆ ಕೆಲವು ಪೈಸೆ ಸಂಗ್ರಹ ಶುಲ್ಕ ಹಾಕಲಿ. ಆ ದುಡ್ಡು ಬೇರೆ ಖಾತೆಯಲ್ಲಿರಲಿ, ಬೊಕ್ಕಸಕ್ಕೆ ಸೇರದಿರಲಿ. ಬತ್ತಿದ ಗ್ಯಾಸ್ ಬಾವಿಗಳಲ್ಲಾಗಲಿ, ಹೆಚ್ಚುವರಿ ಟ್ಯಾಂಕುಗಳಲ್ಲಾಗಲಿ ಗ್ಯಾಸ್ ತುಂಬಲಿ. ಎಷ್ಟು ತುಂಬಿದೆ ಅಂತ ಮಂಡಳಿ ಪ್ರತಿ ತಿಂಗಳು ಜನರಿಗೆ ಹೇಳಲಿ. ಅಲ್ಲಿಯವರೆಗೆ ನಮ್ಮ ಮನೆಯ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕ ಒಂದು ಇಂಡಕ್ಷನ್ ಒಲೆ ಇರುತ್ತದೆ. ನೀವೂ ಇಟ್ಟುಕೊಳ್ಳಿ.

ಪ್ರಶ್ನೆ: ಮನೆಗೆ ಗ್ಯಾಸ್ ಪೈಪ್ ಹಾಕಿಸಿದರೆ ಬಾಂಬ್ ಇಟ್ಟುಕೊಂಡ ಹಾಗಲ್ವಾ? (ದಾವಣಗೆರೆ)

ಅಲ್ಲ. ನಿಮ್ಮ ಒಲೆಗೆ ಬರುವ ಪ್ರೆಶರ್ ಸುಮಾರು 21 ಮಿಲಿಬಾರ್, ಅಂದರೆ ತೀರಾ ಕಮ್ಮಿ. ಗ್ಯಾಸ್ ಗಾಳಿಗಿಂತ ಹಗುರ, ಕಿಟಕಿ ತೆರೆದರೆ ಮೇಲೇರಿ ಹೋಗುತ್ತದೆ. ಅಪಾಯ ಬರುವುದು ಕಂಪನಿಯವರನ್ನು ಕರೆಯದೆ ಪಕ್ಕದ ಬೀದಿಯ ಪ್ಲಂಬರ್ ಕೈಯಲ್ಲಿ ಪೈಪು ಜರುಗಿಸಿದಾಗ. ಅಂಥ ಮನೆಗೆ ನಾನು ಊಟಕ್ಕೂ ಹೋಗುವುದಿಲ್ಲ.

ಪ್ರಶ್ನೆ: ಪೈಪಿಗೆ ಅಯಸ್ಕಾಂತ ಕಟ್ಟಿದರೆ ಶೇ 30 ಗ್ಯಾಸ್ ಉಳಿಯುತ್ತದಂತೆ? (ಹುಬ್ಬಳ್ಳಿ)

ಮೋಸ. ಮಾರಲು ಬಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ಪ್ರಶ್ನೆ: ಸಿಎನ್‌ಜಿ ಬಂಕ್ ಡೀಲರ್‌ಶಿಪ್ ಮಂಜೂರಾಗಿದೆ, ನೋಂದಣಿಗೆ 25,000 ರೂಪಾಯಿ ಕಳಿಸಿ ಅಂತ ಮೇಲ್ ಬಂದಿದೆ. (ತುಮಕೂರು)

ಕಳಿಸಬೇಡಿ. ಅರ್ಜಿಯನ್ನೇ ಹಾಕದವರಿಗೆ ಮಂಜೂರು ಆಗುವುದಿಲ್ಲ. ಸೈಬರ್ ಠಾಣೆಗೆ ಹೋಗಿ.

ಪ್ರಶ್ನೆ: ಮೊಬೈಲ್ ಸಿಮ್ ಥರ ಗ್ಯಾಸ್ ಕಂಪನಿ ಬದಲಾಯಿಸಬಹುದಾ? (ಮೈಸೂರು)

ಸದ್ಯಕ್ಕೆ ಇಲ್ಲ. ಒಂದು ಪ್ರದೇಶವನ್ನು ಬಿಡ್‌ನಲ್ಲಿ ಗೆದ್ದ ಕಂಪನಿಗೆ ಪೈಪು ಹಾಕುವ ಹಕ್ಕು ಇಷ್ಟು ವರ್ಷ, ತಾನೊಬ್ಬನೇ ಮಾರುವ ಹಕ್ಕು ಇಷ್ಟು ವರ್ಷ ಅಂತ ಕೊಡುತ್ತಾರೆ. 2018ರ 9ನೇ ಸುತ್ತಿನಲ್ಲಿ ಮಾರಾಟಕ್ಕೆ ಕೊಟ್ಟಿದ್ದು 8 ವರ್ಷ. ಅವಧಿ ಮುಗಿದ ಮೇಲೆ ಬೇರೆಯವರೂ ಅದೇ ಪೈಪಿನಲ್ಲಿ ಗ್ಯಾಸ್ ಕಳಿಸಲು ದಾರಿ ಬಿಡಬೇಕು. ಅವಧಿ ಮುಗಿದರೂ ಬಿಡದೆ ಕೋರ್ಟಿಗೆ ಅಲೆದಾಡಿಸುವ ಚಾಳಿ ಇದೆ. ಸಿಟ್ಟು ಬರಬೇಕಾದದ್ದು ಇಲ್ಲಿ.

ಪ್ರಶ್ನೆ: ನಮ್ಮ ಹೊಲದಡಿ ದಾಭೋಲ್ ಪೈಪ್ ಹಾದುಹೋಗಿದೆ. ಈರುಳ್ಳಿ ಬೆಳೆಯುತ್ತೇವೆ. ಅಲ್ಲೇ ಬೋರ್‌ವೆಲ್ ಹಾಕಿಸಬಹುದಾ? ಪರಿಹಾರ ಕೊಟ್ಟು ಮುಗೀತು, ಜಮೀನು ನಮ್ಮದೇ ತಾನೇ? (ಚಿತ್ರದುರ್ಗ ಜಿಲ್ಲೆ)

ಜಮೀನು ನಿಮ್ಮದೇ. 1962ರ ಕಾಯ್ದೆ ಕಂಪನಿಗೆ ಕೊಡುವುದು ಬಳಸುವ ಹಕ್ಕು ಮಾತ್ರ. ಅದಕ್ಕೆ ಸಿಗುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10, ಬೆಳೆ ನಷ್ಟ ಬೇರೆ. ಇದು ಕಮ್ಮಿಯಾಯಿತು ಅಂತ ರೈತರು ಅನ್ನುವುದು ನ್ಯಾಯ. ನಾನು ಕೆಲಸದಲ್ಲಿದ್ದಾಗಲೂ ಹಾಗೇ ಹೇಳಿದ್ದೆ.

ಆದರೆ ಬೋರ್‌ವೆಲ್ ಮಾತ್ರ ಬೇಡ. ಕೈ ಮುಗಿದು ಹೇಳುತ್ತೇನೆ. ಈರುಳ್ಳಿ ಬೆಳೆಯಿರಿ, ಶೇಂಗಾ ಬೆಳೆಯಿರಿ. ಗುರುತು ಕಂಬಗಳ ಪಟ್ಟಿಯೊಳಗೆ ಬೇರು ಆಳಕ್ಕಿಳಿಯುವ ಮರ, ಕಟ್ಟಡ, ಬೋರು ಯಾವುದೂ ಕೂಡದು. 2014ರ ಜೂನ್ 27ರ ಬೆಳಗ್ಗೆ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಪೈಪ್‌ಲೈನ್ ಸ್ಫೋಟವಾಗಿ 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರೂ ಕೊರೆದಿರಲಿಲ್ಲ, ತೇವದ ಗ್ಯಾಸಿನಿಂದ ಪೈಪು ಒಳಗಿಂದಲೇ ತುಕ್ಕು ತಿಂದಿತ್ತು. ತೆಂಗಿನ ಮರಗಳು ನಿಂತಲ್ಲೇ ಸುಟ್ಟುಹೋಗಿದ್ದವು. ಬೋರ್‌ವೆಲ್ ರಿಗ್ ತಗುಲಿದರೆ ತುಕ್ಕಿನಷ್ಟು ಕಾಲವೂ ಬೇಕಿಲ್ಲ.

ನಿಮ್ಮ ಹೊಲದಲ್ಲಿ ಆಗಾಗ ಒಬ್ಬ ಕೋಲು ಹಿಡಿದು ನಡೆದು ಹೋಗುವುದನ್ನು ನೋಡಿರುತ್ತೀರಿ. ಅವನು ಲೈನ್‌ವಾಕರ್. ಪೈಪಿನ ಮೇಲೆ ಮಣ್ಣು ಕುಸಿದಿದೆಯಾ, ಯಾರಾದರೂ ಅಗೆದಿದ್ದಾರಾ, ಹುಲ್ಲು ಸುಮ್ನೆ ಒಣಗಿದೆಯಾ ಅಂತ ನೋಡುವುದು ಅವನ ಕೆಲಸ. ಮೇಲೆ ವಿಜಯನಗರದವರು ದರೋಡೆ ಅಂದರಲ್ಲ, ಆ 2 ರೂಪಾಯಿ 80 ಪೈಸೆಯಲ್ಲಿ ಇವನ ಸಂಬಳವೂ ಸೇರಿದೆ. ರಿಗ್ ಲಾರಿ ಕರೆಸುವ ಮುಂಚೆ ಅವನನ್ನು ನಿಲ್ಲಿಸಿ ಮಾತಾಡಿ. ಬೋರು ಎಷ್ಟು ದೂರ ಹಾಕಬಹುದು ಅಂತ ಜಾಗ ಗುರುತು ಮಾಡಿಸಿಕೊಡುತ್ತಾನೆ. ಅವನು ಸಿಗದಿದ್ದರೆ ಗುರುತು ಕಂಬದ ಮೇಲೆ ಫೋನ್ ನಂಬರ್ ಬರೆದಿರುತ್ತದೆ.